ಬ್ರೆಜಿಲ್‌ನ ಉತ್ಸವ ಸಂಗೀತ ಮತ್ತು ನೃತ್ಯ

ಬ್ರೆಜಿಲ್‌ನ ಹಬ್ಬವೆಂದರೆ ಹೊರಗಿನವರ ಕಣ್ಣಿಗೆ ಕಟ್ಟುವುದು ರಿಯೊ ಡಿ ಜನೈರೊದ ಕಾರ್ನಿವಲ್ ಮತ್ತು ಅದರ ಸಾಂಬಾ ಮೆರವಣಿಗೆ. ಆದರೆ ಆ ದೇಶದ ಹಬ್ಬದ ಹಾಡು ಕುಣಿತಗಳು ಒಂದೇ ಊರಿನ ಸೊತ್ತಲ್ಲ, ಒಂದೇ ಋತುವಿಗೆ ಸೇರಿದವೂ ಅಲ್ಲ. ಕ್ರೈಸ್ತರ ತಪಸ್ಸು ಕಾಲಕ್ಕೆ ಮುಂಚಿನ ಕಾರ್ನಿವಲ್ ದಿನಗಳಲ್ಲಿ ರೆಸಿಫೆ ನಗರ ಫ್ರೆವೊ ಮತ್ತು ಮರಕಾತುಗಳಿಗೆ ಕುಣಿಯುತ್ತದೆ, ಸಾಲ್ವಡೋರ್ ನಗರ ಅಫೊಷೆ ಮತ್ತು ಸಾಂಬಾ-ರೆಗ್ಗೇಗಳಿಗೆ. ಜೂನ್ ತಿಂಗಳ ಸಂತರ ಹಬ್ಬಗಳಲ್ಲಿ ಈಶಾನ್ಯ ಸೀಮೆಯ ತುಂಬ ಫೊರ್ರೊ ಸಂಗೀತ, ಮರಾನ್ಯಾಂವ್ ರಾಜ್ಯದಲ್ಲಿ ಎತ್ತಿನ ಆಟ. ಮಿನಾಸ್ ಜೆರೈಸ್‌ನಲ್ಲಿ ಜಪಮಾಲೆ ಮಾತೆಯ ಹಬ್ಬಕ್ಕೆ ಕಾಂಗೊ ರಾಜರಾಣಿಯರ ಪಟ್ಟಾಭಿಷೇಕ. ಯುರೋಪಿಯನ್ನರು, ಆಫ್ರಿಕನ್ನರು, ಮೂಲನಿವಾಸಿಗಳು ಬೆರೆತದ್ದರಿಂದ ಇವೆಲ್ಲ ತಾವಾಗಿಯೇ ಹುಟ್ಟಿಕೊಂಡವು ಎಂದು ವಿವರಿಸುವುದು ವಾಡಿಕೆ. ಗಿಲ್ಬೆರ್ಟೊ ಫ್ರೇರೆ 1933ರಲ್ಲಿ ‘ಕಾಸಾ-ಗ್ರಾಂಡೆ ಎ ಸೆನ್ಜಾಲಾ’ ಗ್ರಂಥ ಪ್ರಕಟಿಸಿದ ಮೇಲೆ ಈ ವಿವರಣೆಗೆ ರಾಷ್ಟ್ರೀಯ ಸಿದ್ಧಾಂತದ ಸ್ಥಾನವೇ ದೊರೆಯಿತು. ಬೆರಕೆ ನಡೆದದ್ದು ನಿಜ. ಆದರೆ ಎಲ್ಲೆಡೆ ನಡೆದ ಬೆರಕೆ ಒಂದೊಂದು ಊರಿಗೆ ಒಂದೊಂದು ತಾಳವನ್ನು ಏಕೆ ಕೊಟ್ಟಿತು, ಕೆಲವು ಸಂಪ್ರದಾಯಗಳು ನಿಷೇಧಗಳನ್ನೂ ದಾಟಿ ಏಕೆ ಉಳಿದವು, ಕೆಲವು ಏಕೆ ಒಮ್ಮೆಲೇ ನಿಂತುಹೋದವು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಉತ್ತರ ಸಿಗುವುದು ಸಂಘಟನೆಯಲ್ಲಿ. ಗುಲಾಮರು, ಅವರ ಮಕ್ಕಳು, ಬಂದರಿನ ಹಮಾಲರು, ಕಬ್ಬಿನ ಗದ್ದೆಯ ಕೂಲಿಗಳು, ಕೊಳೆಗೇರಿಯ ಹೆಂಗಸರು ಬೀದಿಗೆ ಇಳಿಯುವ ಹಕ್ಕಿಗಾಗಿ ಕಟ್ಟಿಕೊಂಡ ಸಂಘಗಳೇ ಈ ಸಂಗೀತಕ್ಕೆ ರೂಪ ಕೊಟ್ಟವು.

ಪೋರ್ಚುಗೀಸರು 1500ರಲ್ಲಿ ಬ್ರೆಜಿಲ್ ತೀರಕ್ಕೆ ಬಂದರು. ಅವರ ಹಬ್ಬಗಳೂ ಬೆನ್ನಿಗೇ ಬಂದವು. ತಪಸ್ಸು ಕಾಲಕ್ಕೆ ಮುನ್ನ ಆಡುವ ಎಂಟ್ರುಡೊ ಎಂಬ ನೀರಾಟದಲ್ಲಿ ತೆಳು ಮೇಣದ ಗೋಳಗಳಿಗೆ ಪರಿಮಳದ ನೀರು ತುಂಬಿ ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದರು. ಬಡವರ ಕೈಯಲ್ಲಿ ಹಿಟ್ಟು, ಕೆಸರೂ ಇರುತ್ತಿತ್ತು. ಇದೇ ಆಟ ಗೋವಾದಲ್ಲಿಯೂ ಬೇರೂರಿ ಕೊಂಕಣಿಯಲ್ಲಿ ಇಂತ್ರೂಜ್ ಎಂಬ ಹೆಸರಿನಿಂದ ಉಳಿದಿದೆ. 19ನೇ ಶತಮಾನದುದ್ದಕ್ಕೂ ಬ್ರೆಜಿಲ್‌ನ ನಗರಾಡಳಿತಗಳು ಎಂಟ್ರುಡೊವನ್ನು ಮತ್ತೆ ಮತ್ತೆ ನಿಷೇಧಿಸಿದವು. ಅದರ ಜಾಗಕ್ಕೆ ಬಂದದ್ದು ಯುರೋಪ್ ಮಾದರಿಯ ಮುಖವಾಡ ನೃತ್ಯಕೂಟಗಳು ಮತ್ತು ಸಿರಿವಂತರ ಸೊಸೈಟಿಗಳ ರಥದ ಮೆರವಣಿಗೆ. 1855ರಲ್ಲಿ ರಿಯೊದಲ್ಲಿ ಹೊರಟ ಅಂಥ ಮೊದಲ ಮೆರವಣಿಗೆಯ ಪ್ರವರ್ತಕರಲ್ಲಿ ಕಾದಂಬರಿಕಾರ ಜೊಜೆ ಡಿ ಅಲೆಂಕಾರ್ ಒಬ್ಬರು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಗುಂಪು ಗೂಡಿದ ಬಡವರು ಪೊಲೀಸರ ಕಣ್ಣಿಗೆ ಪುಂಡರು. ಹೆಸರು, ಬಾವುಟ, ಪರವಾನಗಿ ಇದ್ದ ಸೊಸೈಟಿಗೆ ಅದೇ ಬೀದಿಯಲ್ಲಿ ಗೌರವದ ದಾರಿ. ಈ ಪಾಠವನ್ನು ಬಡವರು ಬೇಗ ಕಲಿತರು. ಕಲಿಯಲು ಅವರ ಹತ್ತಿರ ಇನ್ನೂ ಹಳೆಯದೊಂದು ಮಾದರಿಯೂ ಇತ್ತು.

ಆ ಮಾದರಿ ಚರ್ಚಿನ ಸಹೋದರ ಸಂಘ. ಮೂರು ಶತಮಾನಗಳಲ್ಲಿ ಸುಮಾರು 48 ಲಕ್ಷ ಆಫ್ರಿಕನ್ನರನ್ನು ಬ್ರೆಜಿಲ್‌ಗೆ ಗುಲಾಮರಾಗಿ ತಂದು ಇಳಿಸಲಾಯಿತು. ಅಮೆರಿಕ ಖಂಡಗಳ ಬೇರೆ ಯಾವ ಸೀಮೆಗೂ ಇಷ್ಟು ಜನರನ್ನು ಹೊತ್ತೊಯ್ಯಲಿಲ್ಲ. ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1888ರ ಮೇ 13ರಂದು. ಅಲ್ಲಿಯವರೆಗೆ ಕರಿಯರಿಗೆ ಕಾನೂನುಬದ್ಧವಾಗಿ ಒಟ್ಟು ಸೇರಲು, ಹಣ ಕೂಡಿಡಲು, ಸತ್ತವರಿಗೆ ಗೌರವದ ಮಣ್ಣು ಕೊಡಲು ಇದ್ದ ದಾರಿಗಳಲ್ಲಿ ಮುಖ್ಯವಾದದ್ದು ಜಪಮಾಲೆ ಮಾತೆಯ ಅಥವಾ ಸಂತ ಬೆನೆದಿತ್ತನ ಹೆಸರಿನ ಸಹೋದರ ಸಂಘ. ಅದರ ವಾರ್ಷಿಕ ಹಬ್ಬದಲ್ಲಿ ಕಾಂಗೊ ರಾಜನನ್ನೂ ರಾಣಿಯನ್ನೂ ಆರಿಸಿ ಕಿರೀಟ ತೊಡಿಸುತ್ತಿದ್ದರು, ತಮಟೆಗಳೊಡನೆ ಬೀದಿಯಲ್ಲಿ ಕರೆದೊಯ್ಯುತ್ತಿದ್ದರು. ಇಂಥ ರಾಜ ಕೈಗೊಂಬೆಯಾಗಿ ಗುಲಾಮರನ್ನು ಶಾಂತವಾಗಿರಿಸುತ್ತಾನೆ ಎಂದು ಮಾಲೀಕರು ಲೆಕ್ಕ ಹಾಕಿದ್ದರು. ಲೆಕ್ಕ ಪೂರ್ತಿ ಸುಳ್ಳೇನೂ ಆಗಲಿಲ್ಲ, ಆದರೆ ಅದರ ಜೊತೆಗೆ ಅವರು ಎಣಿಸದ ಇನ್ನೊಂದು ಫಲವೂ ಬಂತು: ವರ್ಷಕ್ಕೊಮ್ಮೆಯಾದರೂ ಕರಿಯರ ರಾಜಪರಿವಾರ ಊರ ನಡುಬೀದಿಯಲ್ಲಿ ಅಧಿಕಾರದ ಗತ್ತಿನಿಂದ ನಡೆಯುವ ಪದ್ಧತಿ ಬೇರೂರಿತು. ಮಿನಾಸ್ ಜೆರೈಸ್‌ನ ಗಣಿ ಪಟ್ಟಣಗಳಲ್ಲಿ ಕೊಂಗಾದೊ ಎಂಬ ಹೆಸರಿನಲ್ಲಿ ಅದು ಇಂದಿಗೂ ನಡೆಯುತ್ತದೆ.

ಪೆರ್ನಾಂಬುಕೊ ರಾಜ್ಯದ ರಾಜಧಾನಿ ರೆಸಿಫೆಯಲ್ಲಿ ಇದೇ ಪಟ್ಟಾಭಿಷೇಕದಿಂದ ಬೆಳೆದದ್ದು ಮರಕಾತು. ಇಲ್ಲಿ ತಂಡವನ್ನು ‘ನಾಸಾಂವ್’, ಅಂದರೆ ರಾಷ್ಟ್ರ ಎಂದೇ ಕರೆಯುತ್ತಾರೆ. ಹಗ್ಗ ಬಿಗಿದ ದೊಡ್ಡ ಅಲ್ಫಾಯಾ ಡೋಲುಗಳ ಹಿಂಡು, ಗೊಂಗೆ ಎಂಬ ಕಬ್ಬಿಣದ ಗಂಟೆ, ಮುಂದೆ ಛತ್ರಿಯ ನೆರಳಲ್ಲಿ ರಾಜರಾಣಿ, ಅವರಿಗೂ ಮುಂದೆ ಕಲುಂಗಾ ಎಂಬ ಕರಿ ಬೊಂಬೆಯನ್ನು ಎತ್ತಿ ಹಿಡಿದ ಹೆಣ್ಣು. ಆ ಬೊಂಬೆಯಲ್ಲಿ ಪೂರ್ವಿಕರ ಶಕ್ತಿ ನೆಲೆಸಿದೆ ಎಂಬ ನಂಬಿಕೆ ಇರುವುದರಿಂದ ಯಾರು ಬೇಕಾದರೂ ಅದನ್ನು ಮುಟ್ಟುವಂತಿಲ್ಲ. ಎಲೆಫಾಂಟೆ ಎಂಬ ಮರಕಾತು 1800ರಲ್ಲಿ ಆರಂಭವಾಯಿತೆಂದು ಪರಂಪರೆ ಹೇಳುತ್ತದೆ. ಅದರ ರಾಣಿ ದೋನಾ ಸಾಂಟಾ 1962ರಲ್ಲಿ ತೀರಿಕೊಂಡಾಗ ಆ ರಾಷ್ಟ್ರವೇ ಬೀದಿಯಿಂದ ಮರೆಯಾಯಿತು; ಕಿರೀಟ, ಬೊಂಬೆ, ಡೋಲುಗಳು ವಸ್ತುಸಂಗ್ರಹಾಲಯ ಸೇರಿದವು. ರೆಸಿಫೆಯ ಜನಾಂಗ ಬೆರಕೆಯಲ್ಲಿ ಆ ವರ್ಷ ಏನೂ ವ್ಯತ್ಯಾಸವಾಗಿರಲಿಲ್ಲ. ಇಲ್ಲವಾದದ್ದು ಒಂದು ಸಂಸ್ಥೆಯ ಕೇಂದ್ರ ಮಾತ್ರ, ಅದರೊಂದಿಗೆ ಅದರ ಬಡಿತವೂ ನಿಂತಿತು. ಮರಕಾತುವಿನ ಇನ್ನೊಂದು ಬಗೆ ನಜಾರೆ ಡ ಮಾತಾ ಸುತ್ತಲಿನ ಕಬ್ಬಿನ ಸೀಮೆಯದು. ಅಲ್ಲಿ ಹೊಲದ ಕೂಲಿಗಳೇ ಮಣಿ ಹೊಲಿದ ಭಾರವಾದ ಮೇಲಂಗಿ ತೊಟ್ಟು, ಬೆನ್ನಿಗೆ ಜಾನುವಾರು ಗಂಟೆಗಳನ್ನು ಕಟ್ಟಿ, ರಿಬ್ಬನ್ ಸುತ್ತಿದ ಉದ್ದ ಈಟಿ ಹಿಡಿದು ಓಡುತ್ತ ಬರುತ್ತಾರೆ. ವಾದ್ಯ ಬೇರೆ, ಲಯ ಬೇರೆ, ಸಂಘಟನೆಯೂ ಬೇರೆ. ಎರಡಕ್ಕೂ ಒಂದೇ ಹೆಸರಿದ್ದರೂ ನಗರದ ಸಹೋದರ ಸಂಘಕ್ಕೂ ತೋಟದ ಕೂಲಿ ತಂಡಕ್ಕೂ ಇರುವ ಅಂತರ ಕಿವಿಗೆ ನೇರವಾಗಿ ಕೇಳಿಸುತ್ತದೆ.

ಫ್ರೆವೊ ಹುಟ್ಟಿದ್ದೂ ರೆಸಿಫೆಯಲ್ಲೇ, ಆದರೆ ಬೇರೆ ಜನರ ನಡುವೆ. 19ನೇ ಶತಮಾನದ ಕೊನೆಗೆ ಮಿಲಿಟರಿ ಬ್ಯಾಂಡುಗಳು ಬೀದಿಯಲ್ಲಿ ನುಡಿಸುತ್ತ ಹೊರಟಾಗ ಅವುಗಳ ಮುಂದೆ ಕಾಪೊಯೆರಾ ಎಂಬ ಕಾದಾಟದ ಕಲೆಯ ಆಟಗಾರರು ತಮ್ಮ ಮೆಚ್ಚಿನ ಬ್ಯಾಂಡಿನ ಕಾವಲಿನಂತೆ ನೆಗೆಯುತ್ತ, ಎದುರಾಳಿಗಳ ಮೇಲೆ ಬೀಳುತ್ತ ಸಾಗುತ್ತಿದ್ದರು. 1890ರ ದಂಡ ಸಂಹಿತೆ ಕಾಪೊಯೆರಾವನ್ನು ಅಪರಾಧವೆಂದು ಘೋಷಿಸಿತು. ಹೊಡೆದಾಟದ ಹೆಜ್ಜೆ ಕುಣಿತದ ಹೆಜ್ಜೆಯಾಗಿ ಮಾರ್ಪಟ್ಟಿತು, ಕೈಯ ದೊಣ್ಣೆಯ ಜಾಗಕ್ಕೆ ಕೊಡೆ ಬಂತು. ಇದೇ ಕಾಲಕ್ಕೆ ಕೂಲಿಕಾರರ ಕಾರ್ನಿವಲ್ ಕ್ಲಬ್ಬುಗಳು ಹುಟ್ಟಿದವು, ಅವುಗಳ ಹೆಸರುಗಳಲ್ಲೇ ಅವರ ಕಸುಬು ಇದೆ: ಸಲಿಕೆಯವರು, ಪೊರಕೆಯವರು, ಸೌದೆ ಕಡಿಯುವವರು. ಪೊರಕೆಯವರ ಕ್ಲಬ್ ವಾಸೊರಿನ್ಯಾಸ್ ಸ್ಥಾಪನೆಯಾದದ್ದು 1889ರಲ್ಲಿ, ಗುಲಾಮಗಿರಿ ರದ್ದಾದ ಮರುವರ್ಷ. ಫ್ರೆವೊ ಎಂಬ ಹೆಸರು 1907ರ ಫೆಬ್ರವರಿ 9ರಂದು ರೆಸಿಫೆಯ ಒಂದು ಪತ್ರಿಕೆಯಲ್ಲಿ ಅಚ್ಚಾಗಿ ಕಾಣಿಸಿಕೊಂಡಿತು. ತುತ್ತೂರಿ ಟ್ರಾಂಬೋನ್‌ಗಳು ಬಿರುಸಿನಿಂದ ಪ್ರಶ್ನೆ ಎಸೆದರೆ ಸ್ಯಾಕ್ಸೊಫೋನ್‌ಗಳು ಉಸಿರು ಬಿಡದೆ ಉತ್ತರ ಕೊಡುತ್ತವೆ. ಇಕ್ಕಟ್ಟಿನ ಬೀದಿಯಲ್ಲಿ ಜನಜಂಗುಳಿಯನ್ನು ಎಳೆದುಕೊಂಡು ಹೋಗಬೇಕಾದ ಬ್ಯಾಂಡಿಗೆ ಅಂಥ ರಭಸವೇ ಬೇಕಿತ್ತು. ಕುಣಿತದ ಹೆಜ್ಜೆಗಳ ಹೆಸರುಗಳಂತೂ ಕಾರ್ಖಾನೆಯ ಸಲಕರಣೆ ಪೆಟ್ಟಿಗೆಯಿಂದಲೇ ಎತ್ತಿ ಇಟ್ಟಂತಿವೆ: ಕತ್ತರಿ, ತಿರುಪು, ಬಾಗಿಲ ಕೀಲು, ಅಗುಳಿ, ರೈಲು ಇಂಜಿನ್.  ಈ ಹೆಜ್ಜೆಗಳನ್ನು ಒಟ್ಟುಗೂಡಿಸಿ ಕಲಿಸುವ ಕ್ರಮ ರೂಪಿಸಿದ ನಾಸಿಮೆಂಟೊ ದೊ ಪಾಸೊ ಅವರ ಕೆಲಸದ ಫಲವಾಗಿ ಬೀದಿಯ ಬುದ್ಧಿ ಶಾಲೆಯ ಪಾಠವೂ ಆಯಿತು. ಯುನೆಸ್ಕೊ 2012ರಲ್ಲಿ ಫ್ರೆವೊವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಾಂಬಾದ ಬೇರು ಬಾಹಿಯಾದ ರೆಕೊಂಕಾವೊ ಸೀಮೆಯಲ್ಲಿದೆ. ಅಲ್ಲಿನ ಸಾಂಬಾ ಡಿ ರೋಡಾದಲ್ಲಿ ಜನ ವೃತ್ತವಾಗಿ ನಿಂತು ಚಪ್ಪಾಳೆ ತಟ್ಟುತ್ತಾರೆ, ಹೆಂಗಸೊಬ್ಬಳು ಪಿಂಗಾಣಿ ತಟ್ಟೆಯ ಅಂಚಿಗೆ ಚಾಕು ಉಜ್ಜಿ ತಾಳ ಹಿಡಿಯುತ್ತಾಳೆ, ನಡುವೆ ಕುಣಿಯುವವಳು ಹೊಕ್ಕುಳಿಗೆ ಹೊಕ್ಕುಳು ತಾಗಿಸಿ ಮುಂದಿನವಳನ್ನು ಕಣಕ್ಕೆ ಕರೆಯುತ್ತಾಳೆ. ಯುನೆಸ್ಕೊ ಇದಕ್ಕೆ ಮಾನ್ಯತೆ ಕೊಟ್ಟದ್ದು 2005ರಲ್ಲಿ. 19ನೇ ಶತಮಾನದ ಉತ್ತರಾರ್ಧದಲ್ಲಿ ಬಾಹಿಯಾದ ಕರಿಯರು ಕೆಲಸ ಹುಡುಕಿಕೊಂಡು ರಿಯೊಗೆ ವಲಸೆ ಹೋದರು. ಬಂದರಿನ ಸುತ್ತ, ಪ್ರಾಸಾ ಒನ್ಜೆ ಚೌಕದ ಆಸುಪಾಸಿನಲ್ಲಿ ನೆಲೆಸಿದರು. ಅಲ್ಲಿ ಸಾಂತೊ ಅಮಾರೊ ಊರಿಂದ ಬಂದ ಹಿಲಾರಿಯಾ ಬಾತಿಸ್ತಾ ಡಿ ಅಲ್ಮೇಡಾ, ಎಲ್ಲರ ಬಾಯಲ್ಲಿ ಟಿಯಾ ಸಿಯಾಟಾ, ತಿಂಡಿ ಮಾರಿ ಬದುಕು ಕಟ್ಟಿಕೊಂಡವರು, ಆಫ್ರಿಕ ಮೂಲದ ಕಾಂಡೊಂಬ್ಲೆ ಧರ್ಮದ ಹಿರಿಯರು. ಅವರ ಮನೆಯ ಕೂಟಗಳ ಪರಿಸರದಿಂದಲೇ ‘ಪೆಲೊ ಟೆಲೆಫೋನೆ’ ಎಂಬ ಸಾಂಬಾ ಹಾಡು ಹೊರಬಂತು. ಅದನ್ನು ಸಂಗೀತಗಾರ ದೊಂಗಾ 1916ರಲ್ಲಿ ರಾಷ್ಟ್ರೀಯ ಗ್ರಂಥಾಲಯದಲ್ಲಿ ನೋಂದಾಯಿಸಿದರು, ಮರುವರ್ಷದ ಕಾರ್ನಿವಲ್‌ನಲ್ಲಿ ಅದು ಜನಪ್ರಿಯವಾಯಿತು. ಆದರೆ ಆ ಹಾಡು ಜೋಡಿಯಾಗಿ ಕುಣಿಯುವ ಮಶೀಶೆ ನೃತ್ಯದ ನಡಿಗೆಯಲ್ಲೇ ಇತ್ತು. ಎಸ್ಟಾಸಿಯೊ ಬಡಾವಣೆಯ ಇಸ್ಮಾಯೆಲ್ ಸಿಲ್ವಾ, ಬಿಡೆ ಮೊದಲಾದ ತರುಣರು 1928ರಲ್ಲಿ ‘ದೇಶಾ ಫಲಾರ್’ ಎಂಬ ಸಾಂಬಾ ಶಾಲೆಯನ್ನು, ಅಂದರೆ ಕಾರ್ನಿವಲ್ ಮೆರವಣಿಗೆಯ ಸಂಘವನ್ನು, ಕಟ್ಟಿದಾಗ ಅವರಿಗೆ ಬೇಕಿದ್ದದ್ದು ನೂರಾರು ಜನ ಹಾಡುತ್ತ ನಡೆಯಬಲ್ಲ ಲಯ. ಎರಡನೆಯ ಮಾತ್ರೆಗೆ ಆಳವಾಗಿ ಬೀಳುವ ಸುರ್ಡೊ ಡೋಲನ್ನು ದೊಡ್ಡ ಡಬ್ಬಿಯೊಂದರಿಂದ ರೂಪಿಸಿದ ಕೀರ್ತಿ ಬಿಡೆ ಅವರದು. ಇಂದು ಲೋಕವೆಲ್ಲ ಸಾಂಬಾ ಎಂದು ಗುರುತಿಸುವ ಬಡಿತ ಹೀಗೆ ಮೆರವಣಿಗೆಯ ಅಗತ್ಯದಿಂದ ಹುಟ್ಟಿತು. ಈ ಲೇಖನದ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರೆ ಸಿಗದು.

ಇಲ್ಲಿ ಒಂದು ಬಲವಾದ ಆಕ್ಷೇಪವನ್ನು ಎದುರಿಸಬೇಕು. ಸಾಂಬಾವನ್ನು ರಾಷ್ಟ್ರದ ಸಂಗೀತವಾಗಿಸಿದ್ದು ಬಡಾವಣೆಗಳಲ್ಲ, ಅಧ್ಯಕ್ಷ ಗೆಟುಲಿಯೊ ವಾರ್ಗಸ್ ಆಡಳಿತ, ರೇಡಿಯೊ ಮತ್ತು ಬುದ್ಧಿಜೀವಿಗಳು ಎಂಬುದು ಆ ವಾದ. ಮಾನವಶಾಸ್ತ್ರಜ್ಞ ಎರ್ಮಾನೊ ವಿಯಾನಾ 1995ರ ತಮ್ಮ ಪುಸ್ತಕದಲ್ಲಿ ಗಣ್ಯರಿಗೂ ಸಂಗೀತಗಾರರಿಗೂ ಇದ್ದ ಒಡನಾಟವನ್ನು ವಿವರವಾಗಿ ತೋರಿಸಿದ್ದಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಸಾಂಬಾ ಶಾಲೆಗಳ 1932ರ ಮೊದಲ ಸ್ಪರ್ಧೆಯನ್ನು ಏರ್ಪಡಿಸಿದ್ದು ಒಂದು ಕ್ರೀಡಾ ಪತ್ರಿಕೆ. ಗೆದ್ದದ್ದು ಮಂಗೇರಾ ಶಾಲೆ. 1935ರಿಂದ ನಗರಾಡಳಿತ ಸ್ಪರ್ಧೆಗೆ ಮಾನ್ಯತೆ ಮತ್ತು ಹಣ ಕೊಟ್ಟಿತು. ಆ ಮೇಲೆ ದೇಶಭಕ್ತಿಯ ವಸ್ತುಗಳನ್ನೇ ಆರಿಸಿಕೊಳ್ಳಬೇಕೆಂಬ ಕಟ್ಟಳೆಯೂ ಬಂತು. ಆದರೆ ಸರ್ಕಾರ ಮಾತಿಗೆ ಕರೆದದ್ದು ಯಾರನ್ನು? ಆಗಲೇ ಒಕ್ಕೂಟ ಕಟ್ಟಿಕೊಂಡಿದ್ದ ಶಾಲೆಗಳನ್ನು. ತುತ್ತೂರಿ ಮುಂತಾದ ಊದುವ ವಾದ್ಯ ಕೂಡದು, ಬಾಹಿಯಾ ಹೆಂಗಸರ ಉಡುಪಿನ ಸಾಲು ಕಡ್ಡಾಯ ಎಂಬ ಆರಂಭದ ನಿಯಮಗಳ ಹಿಂದೆ ಟಿಯಾ ಸಿಯಾಟಾ ಪೀಳಿಗೆಯ ನೆನಪು ಇದೆ. 1947ರಲ್ಲಿ ಬಂದರು ಕಾರ್ಮಿಕ ಸಂಘದ ನಂಟಿನಿಂದ ಹುಟ್ಟಿದ ಇಂಪೇರಿಯೊ ಸೆರಾನೊ ಶಾಲೆಯಲ್ಲಿ ತೀರ್ಮಾನಗಳು ಒಬ್ಬ ಯಜಮಾನನ ಕೈಯಲ್ಲಿರದೆ ಸದಸ್ಯರದಾಗಿರಬೇಕೆಂಬ ಪಟ್ಟು ಆರಂಭದಿಂದಲೇ ಇತ್ತು. ದೇಶಭಕ್ತಿಯ ವಸ್ತುವಿನ ಕಟ್ಟಳೆಯೊಳಗೇ ಶಾಲೆಗಳು ಚರಿತ್ರೆಯನ್ನು ತಿರುಗಿಸಿ ಹೇಳಿದವು: 1960ರಲ್ಲಿ ಸಾಲ್ಗೇರೊ ಶಾಲೆ ಓಡಿಹೋದ ಗುಲಾಮರ ಪಾಲ್ಮಾರೆಸ್ ರಾಜ್ಯವನ್ನು ಮೆರವಣಿಗೆಗೆ ತಂದಿತು, 1963ರಲ್ಲಿ ಗುಲಾಮಳಾಗಿ ಹುಟ್ಟಿದ ಶಿಕಾ ಡ ಸಿಲ್ವಾಳನ್ನು. 2019ರಲ್ಲಿ ಮಂಗೇರಾ ರಾಷ್ಟ್ರಧ್ವಜವನ್ನು ತನ್ನ ಹಸಿರು ಮತ್ತು ಗುಲಾಬಿ ಬಣ್ಣದಲ್ಲಿ ಹೊಲಿದು, ಅದರ ಮೇಲಿನ ಧ್ಯೇಯವಾಕ್ಯದ ಜಾಗದಲ್ಲಿ ಮೂಲನಿವಾಸಿಗಳು, ಕರಿಯರು, ಬಡವರು ಎಂಬ ಪದಗಳನ್ನು ಬರೆದು ಬಹುಮಾನವನ್ನೂ ಗೆದ್ದಿತು. ಸರ್ಕಾರ ವೇದಿಕೆ ಕೊಟ್ಟಿತು, ಅದರ ಮೇಲೆ ಏನು ಹೇಳಬೇಕೆಂಬ ಜಗಳವನ್ನು ಗೆಲ್ಲಲಿಲ್ಲ.

ಸಾಲ್ವಡೋರ್‌ನಲ್ಲಿ ಈ ಜಗಳ ಇನ್ನೂ ನೇರವಾಗಿತ್ತು. 19ನೇ ಶತಮಾನದ ಕೊನೆಗೆ ಆಫ್ರಿಕದ ರಾಜವೈಭವವನ್ನು ತೋರಿಸುವ ಕರಿಯರ ಕ್ಲಬ್ಬುಗಳು ಅಲ್ಲಿ ಕಾರ್ನಿವಲ್‌ಗೆ ಇಳಿದಿದ್ದವು. 1905ರಲ್ಲಿ ಪೊಲೀಸರು ಆಫ್ರಿಕನ್ ವೇಷ ಮತ್ತು ಡೋಲುಗಳನ್ನು ನಿಷೇಧಿಸಿದರು. 1949ರಲ್ಲಿ ಬಂದರಿನ ಹಡಗು ಕೂಲಿಗಳು ‘ಫಿಲ್ಯೋಸ್ ಡಿ ಗಾಂಧಿ’, ಗಾಂಧಿಯ ಮಕ್ಕಳು ಎಂಬ ಅಫೊಷೆ ತಂಡ ಕಟ್ಟಿದರು. ಮಹಾತ್ಮ ಗಾಂಧಿ ಹತ್ಯೆಯಾಗಿ ಆಗ ಒಂದು ವರ್ಷವಷ್ಟೇ ಆಗಿತ್ತು. ಬಿಳಿ ಉಡುಪು, ಬಿಳಿ ಪೇಟ, ಕೊರಳಲ್ಲಿ ನೀಲಿ ಮತ್ತು ಬಿಳಿ ಮಣಿಗಳ ಸರ, ಬಾಯಲ್ಲಿ ಕಾಂಡೊಂಬ್ಲೆ ದೇವತೆಗಳ ಹಾಡು, ಇಜೆಶಾ ಎಂಬ ಸಮಾಧಾನದ ಲಯ. ಕರಿ ಕೂಲಿಗಳ ದೊಡ್ಡ ಗುಂಪು ಬೀದಿಗೆ ಬಂದರೆ ಪೊಲೀಸರಿಗೆ ದಂಗೆಯ ಗುಮಾನಿ ಹುಟ್ಟುತ್ತಿದ್ದ ಕಾಲದಲ್ಲಿ ಅಹಿಂಸೆಯ ಹೆಸರು ಅವರ ರಕ್ಷೆಯೂ ಆಗಿತ್ತು, ದುಡಿಯುವವರ ಸ್ವಾಭಿಮಾನದ ಘೋಷಣೆಯೂ ಆಗಿತ್ತು. 1970ರ ದಶಕದಲ್ಲಿ ಸೊರಗಿದ್ದ ತಂಡಕ್ಕೆ ಗಾಯಕ ಗಿಲ್ಬೆರ್ಟೊ ಜಿಲ್ ಸೇರಿ ಬಲ ತುಂಬಿದರು. ಸಾವಿರಾರು ಗಂಡಸರ ಆ ಬಿಳಿಯ ಸಾಲು ಇಂದು ಸಾಲ್ವಡೋರ್ ಕಾರ್ನಿವಲ್‌ನ ಗುರುತು. 1974ರಲ್ಲಿ ಕುರುಜು ಬಡಾವಣೆಯಲ್ಲಿ, ಹಿರಿಯ ಅರ್ಚಕಿ ಮಾಯ್ ಹಿಲ್ಡಾ ಅವರ ಕಾಂಡೊಂಬ್ಲೆ ಮನೆಯ ಆಸರೆಯಲ್ಲಿ ಹುಟ್ಟಿದ ಇಲೆ ಆಯೆ ಕರಿಯರು ಮಾತ್ರ ಸೇರಬಹುದಾದ ತಂಡ. ಮರುವರ್ಷ ಅದು ಬೀದಿಗೆ ಬಂದಾಗ ಊರಿನ ಪ್ರಮುಖ ಪತ್ರಿಕೆ ಅದನ್ನು ಜನಾಂಗದ್ವೇಷಿ ಎಂದು ಜರೆಯಿತು. ಬಿಳಿಯರ ಕ್ಲಬ್ಬುಗಳು ಕರಿಯರನ್ನು ಹೊರಗಿಟ್ಟದ್ದು ದಶಕಗಳ ಕಾಲ ಯಾರಿಗೂ ಸುದ್ದಿಯಾಗಿರಲಿಲ್ಲ ಎಂಬುದನ್ನು ನೆನೆದರೆ ಆ ಟೀಕೆಯ ತೂಕ ತಿಳಿಯುತ್ತದೆ. 1979ರಲ್ಲಿ ಪೆಲೊರಿನ್ಯೊ ಬಡಾವಣೆಯಲ್ಲಿ ಆರಂಭವಾದ ಒಲೊಡುಮ್ ತಂಡದಲ್ಲಿ ನೆಗಿನ್ಯೊ ದೊ ಸಾಂಬಾ ಸಾಂಬಾ ಮತ್ತು ರೆಗ್ಗೇಗಳನ್ನು ಬೆಸೆದು ಹೊಸ ಬಡಿತ ಕಟ್ಟಿದರು. ಪಾಲ್ ಸೈಮನ್ 1990ರಲ್ಲಿ, ಮೈಕಲ್ ಜಾಕ್ಸನ್ 1996ರಲ್ಲಿ ಅದನ್ನು ಜಗತ್ತಿನ ಕಿವಿಗೆ ಮುಟ್ಟಿಸಿದರು. ಇಲ್ಲಿಯೂ ಬೆರಕೆ ಇದೆ, ಜಮೈಕಾದಿಂದ ಬಂದದ್ದು. ಆದರೆ ಆ ಬೆರಕೆಯನ್ನು ಬೇಕೆಂದು ಆರಿಸಿ ಮಾಡಿದವರು ಗೊತ್ತು, ಕಾರಣವೂ ಗೊತ್ತು.

ಜೂನ್ ಹಬ್ಬಗಳ ಲೋಕ ಇದಕ್ಕಿಂತ ಹಳ್ಳಿಯ ಕಡೆಗೆ ವಾಲಿದೆ. ಪೋರ್ಚುಗಲ್‌ನಲ್ಲಿ ಬೇಸಿಗೆಯ ನಡುವಿನ ಸ್ನಾನಿಕ ಯೊವಾನ್ನನ ಹಬ್ಬ ಬ್ರೆಜಿಲ್‌ನಲ್ಲಿ ಚಳಿಗಾಲಕ್ಕೆ ಬೀಳುತ್ತದೆ, ಈಶಾನ್ಯದಲ್ಲಿ ಮೆಕ್ಕೆಜೋಳದ ಸುಗ್ಗಿಗೆ ಕೂಡುತ್ತದೆ. ಬೆಂಕಿ ಉರಿಸಿ, ಜೋಳದ ತಿನಿಸು ಮಾಡಿ, ಫ್ರಾನ್ಸಿನ ದರಬಾರಿನಿಂದ ಬಂದ ಕ್ವಾಡ್ರಿಲ್ ಕುಣಿತವನ್ನು ರೈತರ ಮದುವೆಯ ಪ್ರಹಸನವಾಗಿ ಆಡುತ್ತಾರೆ. ಅಕಾರ್ಡಿಯನ್, ಜಾಬುಂಬಾ ಡೋಲು, ತ್ರಿಕೋನ ಈ ಮೂರರ ಫೊರ್ರೊ ಮೇಳವನ್ನು ನಾಡಿಗೆಲ್ಲ ಪರಿಚಯಿಸಿದವರು ಪೆರ್ನಾಂಬುಕೊದ ಎಶು ಊರಿನ ಲುಯಿಸ್ ಗೊನ್ಜಾಗಾ. ಉಂಬೆರ್ಟೊ ಟೆಶೇರಾ ಅವರೊಡನೆ 1946ರಲ್ಲಿ ಹೊರತಂದ ‘ಬಾಯಾಂವ್’ ಹಾಡು ಬರಗಾಲದಿಂದ ದಕ್ಷಿಣದ ನಗರಗಳಿಗೆ ಗುಳೆ ಹೋದ ಜನರಿಗೆ ತವರಿನ ದನಿಯಾಯಿತು. ಮರಾನ್ಯಾಂವ್‌ನ ಬುಂಬಾ-ಮೇವು-ಬೊಯಿ ಆಟದ ಕಥೆ ಸರಳ. ಬಸುರಿ ಕಾತಿರಿನಾಗೆ ಎತ್ತಿನ ನಾಲಿಗೆ ತಿನ್ನುವ ಬಯಕೆ, ಅವಳ ಗಂಡ ಫ್ರಾನ್ಸಿಸ್ಕೊ ಒಡೆಯನ ಮೆಚ್ಚಿನ ಎತ್ತನ್ನೇ ಕೊಲ್ಲುತ್ತಾನೆ, ಕೊನೆಗೆ ಎತ್ತು ಮತ್ತೆ ಎದ್ದು ನಿಲ್ಲುತ್ತದೆ. ಮರದ ಚೌಕಟ್ಟಿಗೆ ಹೊದಿಸುವ ಮಖಮಲ್ಲಿನ ಚರ್ಮಕ್ಕೆ ಹೆಂಗಸರು ತಿಂಗಳುಗಟ್ಟಲೆ ಕೂತು ಮಣಿ, ಮಿಣುಕು ಹೊಲಿಯುತ್ತಾರೆ. ಎತ್ತಿಗೆ ಹಬ್ಬದಲ್ಲಿ ದೀಕ್ಷಾಸ್ನಾನವಾಗುತ್ತದೆ, ತಿಂಗಳುಗಳ ಬಳಿಕ ವಿಧಿಪೂರ್ವಕ ಮರಣ. ಅಗಲವಾದ ಕಂಜಿರಗಳನ್ನು ಬೆಂಕಿಯ ಕಾವಿಗೆ ಹಿಡಿದು ಶ್ರುತಿ ಬಿಗಿಮಾಡುತ್ತಾರೆ. ಮರದ ತುಂಡುಗಳನ್ನು ಬಡಿಯುವ ಶೈಲಿ, ಜಾಬುಂಬಾ ಶೈಲಿ, ವಾದ್ಯವೃಂದದ ಶೈಲಿ ಎಂದು ಹಲವು ಬಗೆಗಳಿವೆ, ಒಂದೊಂದಕ್ಕೂ ತನ್ನದೇ ಊರು ಕೇರಿಗಳಿವೆ. 19ನೇ ಶತಮಾನದಲ್ಲಿ ಸಾವ್ ಲೂಯಿಸ್ ನಗರದ ಪೊಲೀಸರು ತಡೆದಿದ್ದ ಈ ಆಟ 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅಮೆಜಾನ್ ನದಿ ನಡುವಿನ ಪರಿಂಟಿನ್ಸ್ ಪಟ್ಟಣದಲ್ಲಿ ಇದರದೇ ಕವಲು ಕೆಂಪಿನ ಗಾರಂಟಿದೊ, ನೀಲಿಯ ಕಾಪ್ರಿಶೋಜೊ ಎಂಬ ಎರಡು ಎತ್ತುಗಳ ಸ್ಪರ್ಧೆಯಾಗಿ ಬೆಳೆದಿದೆ. ಒಂದು ತಂಡ ಆಡುವಾಗ ಇನ್ನೊಂದರ ಅಭಿಮಾನಿಗಳು ಸದ್ದು ಮಾಡದೆ ಕೂರಬೇಕೆಂಬ ನಿಯಮವಿದೆ.

ದಕ್ಷಿಣದ ರಿಯೊ ಗ್ರಾಂಡೆ ದೊ ಸುಲ್‌ನ ಕುಣಿತಗಳನ್ನು ಅಲ್ಲಿನವರು ಅನಾದಿಯವು ಎನ್ನುವುದುಂಟು. ವಾಸ್ತವದಲ್ಲಿ ಪೈಶಾಂವ್ ಕೊರ್ಟೆಸ್ ಮತ್ತು ಬರ್ಬೋಜಾ ಲೆಸ್ಸಾ ಎಂಬ ಯುವಕರು 1948ರಿಂದ ಹಳ್ಳಿಗಳಲ್ಲಿ ಚೂರುಪಾರು ಉಳಿದಿದ್ದ ಹೆಜ್ಜೆಗಳನ್ನು ಸಂಗ್ರಹಿಸಿ, ಸಂಪ್ರದಾಯ ಕೇಂದ್ರಗಳ ಮೂಲಕ ಮತ್ತೆ ಕಟ್ಟಿದರು. ಯುರೋಪಿಯನ್ ವಲಸಿಗರ ವಂಶಸ್ಥರೇ ಹೆಚ್ಚಿರುವ ಆ ಸೀಮೆಯಲ್ಲೂ ಸಂಪ್ರದಾಯ ನಿಂತಿರುವುದು ಸಂಘದ ಹೆಗಲ ಮೇಲೆ.

ಇನ್ನೆರಡು ಆಕ್ಷೇಪಗಳಿವೆ. ಸಹೋದರ ಸಂಘ, ಮಿಲಿಟರಿ ಬ್ಯಾಂಡ್, ಕಾರ್ನಿವಲ್ ಸೊಸೈಟಿ ಎಲ್ಲವೂ ಯುರೋಪಿನ ಚೌಕಟ್ಟುಗಳೇ ತಾನೆ ಎಂಬುದು ಮೊದಲನೆಯದು. ಹೌದು. ಆದರೆ ಅದೇ ಚೌಕಟ್ಟುಗಳು ಪೋರ್ಚುಗಲ್‌ನಲ್ಲಿ ಮರಕಾತುವನ್ನೂ ಫ್ರೆವೊವನ್ನೂ ಹುಟ್ಟಿಸಲಿಲ್ಲ. ಎರವಲು ತಂದ ಪಾತ್ರೆಯಲ್ಲಿ ಏನು ಬೇಯಿಸಿದರು ಎಂಬುದನ್ನು ನಿರ್ಧರಿಸಿದವರು ಅದನ್ನು ತುಂಬಿದವರು. ಎರಡನೆಯದು ಮಾನವಶಾಸ್ತ್ರಜ್ಞ ರೊಬೆರ್ಟೊ ಡ ಮಾತಾ ಅವರ 1979ರ ಪ್ರಸಿದ್ಧ ಅಧ್ಯಯನದಿಂದ ಬಲ ಪಡೆದ ವಾದ: ಕಾರ್ನಿವಲ್ ಎಂದರೆ ನಾಲ್ಕು ದಿನದ ಮಟ್ಟಿಗೆ ಲೋಕ ತಲೆಕೆಳಗಾಗುವುದು, ಐದನೆಯ ದಿನ ಎಲ್ಲವೂ ಮೊದಲಿನಂತೆ. ಬೀದಿಯ ದೃಶ್ಯವನ್ನಷ್ಟೇ ನೋಡಿದರೆ ಹಾಗೆ ಕಾಣುವುದು ಸಹಜ. ತಂಡದ ಒಳಗೆ ಹೊಕ್ಕು ನೋಡಿದರೆ ಲೆಕ್ಕ ಬದಲಾಗುತ್ತದೆ. ಹಾಡಿನ ಆಯ್ಕೆ, ಉಡುಪಿನ ಹೊಲಿಗೆ, ತಾಲೀಮು, ಚಂದಾ ವಸೂಲಿ, ಸದಸ್ಯರ ಕಷ್ಟಸುಖ ಇವೆಲ್ಲ ವರ್ಷವಿಡೀ ನಡೆಯುತ್ತವೆ. ಇಲೆ ಆಯೆ, ಒಲೊಡುಮ್‌ಗಳು ಮಕ್ಕಳಿಗೆ ಶಾಲೆಗಳನ್ನೂ ನಡೆಸುತ್ತಿವೆ.

ವಾಣಿಜ್ಯದ ವಿಷಯದಲ್ಲಿ ಮಾತ್ರ ಇಷ್ಟು ಧೈರ್ಯದ ಉತ್ತರ ಕೊಡಲಾಗದು. ಆಸ್ಕರ್ ನಿಮೆಯರ್ ವಿನ್ಯಾಸಗೊಳಿಸಿ 1984ರಲ್ಲಿ ತೆರೆದ ಸಾಂಬಡ್ರೋಮ್ ರಿಯೊದ ಮೆರವಣಿಗೆಯನ್ನು ಟಿಕೆಟ್ಟಿನ ಪ್ರದರ್ಶನವಾಗಿ ನೆಲೆಗೊಳಿಸಿತು. ಅಕ್ರಮ ಲಾಟರಿ ನಡೆಸುವವರ ಹಣ ಅನೇಕ ಶಾಲೆಗಳ ಆಡಳಿತವನ್ನೇ ನುಂಗಿತು. ಸಾಲ್ವಡೋರ್‌ನಲ್ಲಿ 1950ರಲ್ಲಿ ದೊಡೊ ಮತ್ತು ಒಸ್ಮಾರ್ ಹಳೆಯ ಫೋರ್ಡ್ ಕಾರಿನ ಮೇಲೆ ವಿದ್ಯುತ್ ತಂತಿವಾದ್ಯ ನುಡಿಸುತ್ತ ಎಲ್ಲರಿಗೂ ಉಚಿತವಾಗಿ ಕೊಟ್ಟ ಟ್ರಿಯೊ ಎಲೆಟ್ರಿಕೊ ಮುಂದೆ ಬೃಹತ್ ಲಾರಿಯಾಗಿ ಬೆಳೆದು, ಅದರ ಸುತ್ತ ಹಗ್ಗದ ಬೇಲಿ ಬಂತು. ದುಡ್ಡು ಕೊಟ್ಟು ಅಂಗಿ ಕೊಂಡವರು ಹಗ್ಗದ ಒಳಗೆ. ಅಲ್ಪ ಕೂಲಿಗೆ ಆ ಹಗ್ಗ ಹಿಡಿದು ನಡೆಯುವವರು ಹೆಚ್ಚಾಗಿ ಕರಿಯರು. ಈ ಅನ್ಯಾಯವನ್ನು ಸಂಪ್ರದಾಯದ ಹೆಸರಿನಲ್ಲಿ ಮರೆಮಾಚಬಾರದು. ಹಾಗೆಂದು ಕಥೆ ಮುಗಿಯಿತೆಂದು ಹೇಳುವುದೂ ತಪ್ಪು, ಏಕೆಂದರೆ ಅತಿ ಜೀವಂತವಾದ ಹೋರಾಟಗಳು ಈಗ ತಂಡಗಳ ಒಳಗೇ ನಡೆದಿವೆ, ಅದರಲ್ಲೂ ಹೆಂಗಸರ ಸ್ಥಾನದ ಬಗ್ಗೆ. ದೋನಾ ಇವೊನೆ ಲಾರಾ ತಮ್ಮ ಹಾಡುಗಳು ಗಂಡಸರ ಹೆಸರಿನಲ್ಲಿ ಹೊರಬರುವುದನ್ನು ಸಹಿಸಿಕೊಂಡಿದ್ದವರು, 1965ರಲ್ಲಿ ಇಂಪೇರಿಯೊ ಸೆರಾನೊದ ಸಂಯೋಜಕರ ಸಾಲಿಗೆ ಅಧಿಕೃತವಾಗಿ ಸೇರಿದರು. ಮರಕಾತುವಿನಲ್ಲಿ ರಾಣಿಯಾಗಬಹುದಾಗಿದ್ದ ಹೆಂಗಸು ಅಲ್ಫಾಯಾ ಬಡಿಯುವಂತಿಲ್ಲ ಎಂಬ ಕಟ್ಟು ಹಲವು ರಾಷ್ಟ್ರಗಳಲ್ಲಿ ಸಡಿಲವಾಗಿದೆ. ಒಲೊಡುಮ್‌ಗೆ ಬಡಿತ ಕೊಟ್ಟ ನೆಗಿನ್ಯೊ ದೊ ಸಾಂಬಾ ಅವರೇ 1993ರಲ್ಲಿ ಪೆಲೊರಿನ್ಯೊದಲ್ಲಿ ಡಿಡಾ ಎಂಬ ಹೆಂಗಸರದೇ ಡೋಲಿನ ತಂಡ ಕಟ್ಟಿದರು, ಅದು ಪ್ರತಿ ಕಾರ್ನಿವಲ್‌ಗೆ ಬೀದಿಗಿಳಿಯುತ್ತಿದೆ.